ಅಟಕಾಮಾದ ವೇಧಶಾಲೆಗಳಲ್ಲಿ

ದಕ್ಷಿಣ ಅಮೆರಿಕಾ ಖಂಡದ ಪಶ್ಚಿಮದಂಚಿನಲ್ಲಿ, ಒಂದು ಪಕ್ಕಕ್ಕೆ ಶಾಂತಸಾಗರವೂ ಇನ್ನೊಂದು ಪಕ್ಕಕ್ಕೆ ಆಂಡೀಸ್ ಪರ್ವತಶ್ರೇಣಿಯೂ ಇರಲಾಗಿ, ಅವೆರಡರ ನಡುವೆ ಹಗ್ಗದಂತೆ ಉದ್ದಕ್ಕೆ ಚಾಚಿಕೊಂಡಿರುವ ದೇಶವೇ ಚಿಲಿ. ಅದರ ಉತ್ತರಭಾಗದಲ್ಲಿ ಅಟಕಾಮಾ ಎಂಬ ಮರುಭೂಮಿಯುಂಟು. ಧ್ರುವಪ್ರದೇಶಗಳನ್ನು ಬಿಟ್ಟರೆ ಭೂಮಂಡಲದಲ್ಲಿ ಇದರಷ್ಟು ಒಣಗಿದ ನೆಲ ಮತ್ತೊಂದಿಲ್ಲವೆಂದು ಭೂಗೋಳವನ್ನು ಬಲ್ಲವರು ಹೇಳುವರು. ಮಳೆನಕ್ಷತ್ರಗಳನ್ನು ಎಣಿಸಿ ಬಿತ್ತನೆ ಮಾಡುವ ನಾಡಿನಲ್ಲಿ ಹುಟ್ಟಿದ ನಮಗೆ, ಒಂದು ಹಸುರು ಕಡ್ಡಿಯೂ ಇಲ್ಲದ ಇಂಥ ನೆಲವು ಶಾಪಗ್ರಸ್ತವಾದುದೆಂದೇ ತೋರುವುದು ಸಹಜ. ಆದರೆ ನಕ್ಷತ್ರಗಳನ್ನು ನೋಡುವುದನ್ನೇ ಕಸುಬು ಮಾಡಿಕೊಂಡವರು ಇದೇ ನೆಲವನ್ನು ಹುಡುಕಿಕೊಂಡು ಲೋಕದ ಎಲ್ಲ ಮೂಲೆಗಳಿಂದಲೂ ಬರುತ್ತಾರೆ. ಅವರು ಬರುವ ಕಾರಣವನ್ನೂ, ಅಲ್ಲಿ ಮುಂದೆ ಕಟ್ಟಬೇಕೆಂದಿರುವ ಒಂದು ದೊಡ್ಡ ಯಂತ್ರಸಮೂಹದ ವಿಚಾರವನ್ನೂ, ನಾವು ಕಂಡ ಮತ್ತು ತಿಳಿದ ಮಟ್ಟಿಗೆ ನಮ್ಮ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಈ ನೆಲವು ಒಣಗಿರುವುದಕ್ಕೆ ಮೂರು ಕಾರಣಗಳನ್ನು ಹೇಳುವರು. ಕರಾವಳಿಯನ್ನು ತಬ್ಬಿಕೊಂಡು ದಕ್ಷಿಣದಿಂದ ಹರಿದುಬರುವ ಹಂಬೋಲ್ಟ್ ಪ್ರವಾಹವು ತಣ್ಣಗಿನ ನೀರಿನದು. ಅದರ ಮೇಲಿನ ಗಾಳಿಯೂ ತಣ್ಣಗಾಗಿ, ಮೋಡವಾಗಿ ಮೇಲೇರುವ ಶಕ್ತಿಯಿಲ್ಲದೆ, ಮಂಜಾಗಿ ತೀರದಲ್ಲಿಯೇ ತಗ್ಗಿ ನಿಲ್ಲುವುದು. ಈ ಮಂಜನ್ನು ಅಲ್ಲಿನವರು ಕಮಂಚಾಕಾ ಎನ್ನುತ್ತಾರೆ. ಎರಡನೆಯದಾಗಿ, ಆ ಅಕ್ಷಾಂಶಗಳಲ್ಲಿ ವಾಯುಮಂಡಲವು ಮೇಲಿನಿಂದ ಕೆಳಕ್ಕೆ ಇಳಿಯುತ್ತಿರುವುದರಿಂದ ಮೋಡ ಕಟ್ಟಲು ಅವಕಾಶವಿಲ್ಲ. ಮೂರನೆಯದಾಗಿ, ಪೂರ್ವದಲ್ಲಿ ಅಮೆಜಾನ್ ಕಾಡುಗಳಿಂದ ಬರುವ ತೇವವನ್ನೆಲ್ಲ ಆಂಡೀಸ್ ಪರ್ವತಗಳು ಆಚೆಯ ಇಳಿಜಾರಿನಲ್ಲಿಯೇ ಹಿಂಡಿಬಿಡುವುವು. ನಮ್ಮ ಸಹ್ಯಾದ್ರಿಯು ಮಳೆಯನ್ನು ಪಡುವಣಕ್ಕೆ ಸುರಿಸಿ ಮೂಡಣದ ಬಯಲನ್ನು ಒಣಗಿಸುವ ಹಾಗೆಯೇ ಇದು. ದಿಕ್ಕುಗಳು ಮಾತ್ರ ತಿರುಗುಮುರುಗು.

ನಾವು ಚಿಲಿಯ ರಾಜಧಾನಿಯಾದ ಸ್ಯಾಂಟಿಯಾಗೋದಿಂದ ವಿಮಾನದಲ್ಲಿ ಆಂಟೋಫಗಾಸ್ತಾ ಎಂಬ ರೇವುಪಟ್ಟಣಕ್ಕೆ ಹೋಗಿ ಇಳಿದೆವು. ತಾಮ್ರದ ಗಣಿಗಳಿಂದ ಬದುಕುವ ಊರಿದು. ಒಂದು ಕಾಲದಲ್ಲಿ ಈ ಮರುಭೂಮಿಯಿಂದ ಪೆಟ್ಲುಪ್ಪನ್ನು ಅಗೆದು ಲೋಕಕ್ಕೆಲ್ಲ ಕಳುಹಿಸುತ್ತಿದ್ದರು. ಹೊಲಗಳಿಗೆ ಗೊಬ್ಬರವಾಗಿಯೂ ಯುದ್ಧಗಳಿಗೆ ಮದ್ದಾಗಿಯೂ ಅದು ಬಳಕೆಯಾಗುತ್ತಿತ್ತು. ಜರ್ಮನಿಯ ರಸಾಯನಶಾಸ್ತ್ರಜ್ಞರು ಗಾಳಿಯಿಂದಲೇ ಅಂಥ ವಸ್ತುವನ್ನು ತಯಾರಿಸುವ ಕ್ರಮವನ್ನು ಕಂಡುಹಿಡಿದ ಮೇಲೆ ಆ ವ್ಯಾಪಾರ ಕುಸಿಯಿತು. ಜನರೆಲ್ಲ ಬಿಟ್ಟುಹೋದ ಗಣಿಯೂರುಗಳ ಗೋಡೆಗಳು ಮಳೆಯಿಲ್ಲದ ಕಾರಣ ಕರಗದೆ ಮರುಭೂಮಿಯಲ್ಲಿ ಇಂದಿಗೂ ನಿಂತಿರುವುವು.

ಆಂಟೋಫಗಾಸ್ತಾದಿಂದ ದಕ್ಷಿಣಕ್ಕೆ ಸುಮಾರು ೧೨೦ ಕಿಲೋಮೀಟರ್ ಹೋದರೆ ಪರನಾಲ್ ಎಂಬ ಬೆಟ್ಟ ಸಿಗುವುದು. ದಾರಿಯುದ್ದಕ್ಕೂ ಮರವಿಲ್ಲ, ಹಕ್ಕಿಯಿಲ್ಲ, ದನಕರುಗಳಿಲ್ಲ. ಇಟ್ಟಿಗೆಯ ಬಣ್ಣದ ಗುಡ್ಡಗಳು ಒಂದರ ಹಿಂದೊಂದು ಬಂದು ಹಿಂದೆ ಸರಿಯುವುವು. ಗಾಡಿಯಿಂದಿಳಿದು ನಿಂತರೆ ಕಿವಿಗೆ ಕೇಳುವುದು ನಮ್ಮ ಉಸಿರು ಮಾತ್ರ. ತುಟಿ ಒಡೆಯುವುದು, ಮೂಗು ಉರಿಯುವುದು; ಗಳಿಗೆಗೊಮ್ಮೆ ನೀರು ಕುಡಿಯುತ್ತಿರಬೇಕೆಂದು ನಮ್ಮೊಡನಿದ್ದವರು ಎಚ್ಚರಿಸುತ್ತಿದ್ದರು.

ಪರನಾಲ್ ಬೆಟ್ಟದ ಎತ್ತರ ೨,೬೩೫ ಮೀಟರ್. ಇದು ಯೂರೋಪಿನ ಹಲವು ರಾಷ್ಟ್ರಗಳು ಕೂಡಿ ನಡೆಸುವ ದಕ್ಷಿಣ ವೇಧಶಾಲೆಯವರ ಸ್ಥಾನ. ಶಿಖರವನ್ನು ಮದ್ದಿಟ್ಟು ಸಮತಟ್ಟು ಮಾಡಿ, ಅದರ ಮೇಲೆ ನಾಲ್ಕು ಮಹಾ ದೂರದರ್ಶಕಗಳನ್ನು ನಿಲ್ಲಿಸಿದ್ದಾರೆ. ಒಂದೊಂದರ ಕನ್ನಡಿಯೂ ೮.೨ ಮೀಟರ್ ಅಗಲವುಳ್ಳದ್ದು. ನಮ್ಮ ಹಳೆಯ ಮನೆಗಳ ನಡುಮನೆ, ಅಡಿಗೆಮನೆ ಎರಡೂ ಸೇರಿ ಒಂದು ಕನ್ನಡಿಯೊಳಗೆ ಅಡಗಬಹುದು. ಮೊದಲನೆಯದು ೧೯೯೮ರ ಮೇ ತಿಂಗಳಲ್ಲಿ ಆಕಾಶಕ್ಕೆ ಕಣ್ಣು ತೆರೆಯಿತು. ಅವುಗಳ ಹೆಸರುಗಳು ಚಿಲಿಯ ಮೂಲನಿವಾಸಿಗಳಾದ ಮಾಪೂಚೆ ಜನರ ಭಾಷೆಯವು: ಆಂಟು ಎಂದರೆ ಸೂರ್ಯ, ಕುಯೆನ್ ಎಂದರೆ ಚಂದ್ರ, ಮೆಲಿಪಾಲ್ ಎಂದರೆ ದಕ್ಷಿಣದ ಶಿಲುಬೆ ನಕ್ಷತ್ರಪುಂಜ, ಯೆಪುನ್ ಎಂದರೆ ಶುಕ್ರ. ಶಾಲೆಯ ಮಕ್ಕಳಿಗಾಗಿ ಪ್ರಬಂಧಸ್ಪರ್ಧೆಯನ್ನೇರ್ಪಡಿಸಿ, ಬಹುಮಾನ ಗೆದ್ದ ಒಬ್ಬ ಹುಡುಗಿ ಸೂಚಿಸಿದ ಹೆಸರುಗಳನ್ನೇ ೧೯೯೯ರಲ್ಲಿ ಇಟ್ಟರಂತೆ. ಕೋಟ್ಯಂತರ ರೂಪಾಯಿಯ ಯಂತ್ರಗಳಿಗೆ ಹೆಸರಿಡುವ ಹಕ್ಕನ್ನು ನಾಡಿನ ಮಗುವಿಗೆ ಕೊಟ್ಟ ಈ ಪದ್ಧತಿ ನಮಗೆ ಬಹಳ ಮೆಚ್ಚಿಕೆಯಾಯಿತು.

ಮುಂಚಿತವಾಗಿ ಹೆಸರು ಬರೆಯಿಸಿಕೊಂಡಿದ್ದ ಯಾತ್ರಿಕರ ಗುಂಪಿನೊಡನೆ ನಾವು ಶನಿವಾರ ಹಗಲು ಬೆಟ್ಟವನ್ನು ಹತ್ತಿದೆವು. ದಾರಿ ತೋರಿದ ತರುಣಿಯು ಮೊದಲು ನಮ್ಮನ್ನು ಕೆಲಸಗಾರರ ನಿವಾಸಕ್ಕೆ ಕರೆದೊಯ್ದಳು. ಅದನ್ನು ನೆಲದಲ್ಲಿ ಹುದುಗಿಸಿ ಕಟ್ಟಿದ್ದಾರೆ. ಮೇಲೆ ಗಾಜಿನ ಗುಮ್ಮಟ, ಅದರಡಿ ಒಂದು ತೋಟ, ಒಂದು ಕೊಳ. ಮರುಭೂಮಿಯ ಮಧ್ಯದಲ್ಲಿ ಬಾಳೆಯಂಥ ಅಗಲವಾದ ಎಲೆಗಳನ್ನು ಕಂಡು ಒಡನೆಯೇ ಕಣ್ಣು ತಂಪಾಯಿತು. ಇದು ವಿಲಾಸಕ್ಕಾಗಿ ಮಾಡಿದ್ದಲ್ಲ. ಒಳಗಿನ ಗಾಳಿಯಲ್ಲಿ ಸ್ವಲ್ಪವಾದರೂ ತೇವವಿರಲೆಂದು ಮಾಡಿದ್ದು. ಕುಡಿಯುವ ಪ್ರತಿಯೊಂದು ಹನಿ ನೀರೂ ಲಾರಿಗಳಲ್ಲಿ ಬರಬೇಕು. ಕತ್ತಲಾಗುತ್ತಲೇ ಗಾಜಿನ ಗುಮ್ಮಟಕ್ಕೆ ಪರದೆ ಎಳೆದು ಒಂದು ಕಿರಣವೂ ಹೊರಬೀಳದಂತೆ ನೋಡಿಕೊಳ್ಳುವರು. ನಾವು ದೀಪ ಹಚ್ಚಿ ಸಂಜೆಯನ್ನು ಸ್ವಾಗತಿಸುವವರು. ಅವರು ದೀಪವನ್ನು ಅಡಗಿಸಿ ಸ್ವಾಗತಿಸುವವರು.

ಬೆಟ್ಟದ ತುದಿಯಲ್ಲಿ ನಾಲ್ಕು ದೊಡ್ಡ ಕಟ್ಟಡಗಳಲ್ಲದೆ ಇನ್ನೂ ನಾಲ್ಕು ಚಿಕ್ಕ ದುಂಡು ಗುಡಿಸಲುಗಳಂಥವು ಕಂಡುವು. ಇವು ೧.೮ ಮೀಟರ್ ಕನ್ನಡಿಯ ಚಿಕ್ಕ ದೂರದರ್ಶಕಗಳು. ಇವು ಒಂದೆಡೆ ನೆಲೆಯಾಗಿರದೆ ಹಳಿಗಳ ಮೇಲೆ ಬೇಕಾದ ಕಡೆಗೆ ಸರಿಯುವುವು. ಯಾತಕ್ಕೆಂದು ಕೇಳಿದಾಗ ಆ ತರುಣಿ ಕಾಲಿನಿಂದ ನೆಲವನ್ನು ತಟ್ಟಿ, “ನಿಜವಾದ ವಿಶೇಷವಿರುವುದು ಈ ಕೆಳಗೆ” ಎಂದಳು. ಅದನ್ನು ವಿವರಿಸುವ ಮೊದಲು ನಮ್ಮ ವಾಚಕರು ಒಂದೆರಡು ಮೂಲತತ್ತ್ವಗಳನ್ನು ಗಮನಿಸಬೇಕು.

ದೂರದರ್ಶಕದಿಂದ ಎರಡು ಕೆಲಸಗಳಾಗುವುವು. ಮಂದವಾದ ಬೆಳಕನ್ನು ಹೆಚ್ಚಾಗಿ ಕೂಡಿಸಿಕೊಳ್ಳುವುದು ಒಂದು. ಒಂದಕ್ಕೊಂದು ಅಂಟಿಕೊಂಡಂತೆ ಕಾಣುವ ಎರಡು ಬಿಂದುಗಳನ್ನು ಬೇರೆಬೇರೆಯಾಗಿ ತೋರಿಸುವುದು ಇನ್ನೊಂದು. ಎರಡನೆಯ ಶಕ್ತಿಯು ಕನ್ನಡಿಯ ಅಗಲಕ್ಕೆ ತಕ್ಕಂತೆ ಹೆಚ್ಚುವುದು. ಆದರೆ ನೂರಾರು ಮೀಟರ್ ಅಗಲದ ಕನ್ನಡಿಯನ್ನು ಯಾವ ಶಿಲ್ಪಿಯೂ ಮಾಡಲಾರನು. ೧೮೬೮ರಲ್ಲಿ ಫ್ರಾನ್ಸಿನ ಫಿಜೋ ಎಂಬ ವಿಜ್ಞಾನಿಯು ಇದಕ್ಕೊಂದು ಉಪಾಯವನ್ನು ಸೂಚಿಸಿದನು. ಕೆರೆಯಲ್ಲಿ ಎರಡು ಕಲ್ಲುಗಳನ್ನು ಎಸೆದರೆ ಎದ್ದ ಅಲೆಗಳು ಒಂದನ್ನೊಂದು ಸಂಧಿಸಿ, ಕೆಲವೆಡೆ ಇಮ್ಮಡಿಸಿ ಕೆಲವೆಡೆ ಅಡಗಿಹೋಗುವುದನ್ನು ನಾವೆಲ್ಲ ಕಂಡಿದ್ದೇವೆ. ಬೆಳಕೂ ಅಲೆಯೇ. ದೂರದೂರವಿರುವ ಎರಡು ಕನ್ನಡಿಗಳಿಂದ ಒಂದೇ ನಕ್ಷತ್ರದ ಬೆಳಕನ್ನು ತಂದು ಕೂಡಿಸಿದರೆ ಬೆಳಕು ನೆರಳಿನ ಪಟ್ಟೆಗಳೇಳುವುವು. ಆ ಪಟ್ಟೆಗಳನ್ನು ಅಳೆದರೆ, ಆ ಎರಡು ಕನ್ನಡಿಗಳ ನಡುವಣ ದೂರದಷ್ಟು ಅಗಲವಾದ ಒಂದೇ ಕನ್ನಡಿಯಿಂದ ಕಾಣುವಷ್ಟು ಸೂಕ್ಷ್ಮವನ್ನು ತಿಳಿಯಬಹುದು. ೧೯೨೦ರ ಡಿಸೆಂಬರಿನಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ಬೆಟ್ಟದ ಮೇಲೆ ಮೈಕೆಲ್ಸನ್ ಮತ್ತು ಪೀಸ್ ಎಂಬವರು ಇದೇ ಉಪಾಯದಿಂದ ನಮ್ಮ ಆರ್ದ್ರಾ ನಕ್ಷತ್ರದ ಅಗಲವನ್ನು ಅಳೆದರು. ಸೂರ್ಯನಲ್ಲದೆ ಬೇರೊಂದು ನಕ್ಷತ್ರದ ಗಾತ್ರವನ್ನು ಮನುಷ್ಯನು ನೇರವಾಗಿ ಅಳೆದುದು ಅದೇ ಮೊದಲು. ಬೇರೆಬೇರೆಯಾಗಿ ನಿಂತ ಎರಡು ದೂರದರ್ಶಕಗಳ ಬೆಳಕನ್ನು ಕೂಡಿಸಿ, ೧೯೭೪ರಲ್ಲಿ ಲಾಬೇರಿ ಎಂಬ ಫ್ರೆಂಚ್ ವಿಜ್ಞಾನಿಯು ಅಭಿಜಿತ್ ನಕ್ಷತ್ರದ ಪಟ್ಟೆಗಳನ್ನು ಕಂಡನು.

ಪರನಾಲಿನ ನೆಲದಡಿಯಲ್ಲಿ ನಡೆಯುವುದೂ ಇದೇ. ಹಲವು ದೂರದರ್ಶಕಗಳ ಬೆಳಕನ್ನು ಕನ್ನಡಿಗಳ ಮೂಲಕ ಸುಮಾರು ೧೭೦ ಮೀಟರ್ ಉದ್ದದ ಒಂದು ಸುರಂಗಕ್ಕೆ ಇಳಿಸುವರು. ಆಕಾಶದಲ್ಲಿ ನಕ್ಷತ್ರವು ಓರೆಯಾಗಿರುವಾಗ ಅದರ ಬೆಳಕು ಒಂದು ಕನ್ನಡಿಯನ್ನು ಮೊದಲೂ ಇನ್ನೊಂದನ್ನು ಆಮೇಲೂ ಮುಟ್ಟುವುದಷ್ಟೆ. ಮೊದಲು ಬಂದ ಬೆಳಕನ್ನು, ತಡವಾಗಿ ಬರುವ ಬೆಳಕಿಗಾಗಿ ಕಾಯಿಸಬೇಕು. ಅದಕ್ಕಾಗಿ ಕನ್ನಡಿಗಳನ್ನು ಹೊತ್ತ ಚಿಕ್ಕ ಬಂಡಿಗಳು ಸುರಂಗದ ಹಳಿಗಳ ಮೇಲೆ ರಾತ್ರಿಯೆಲ್ಲ ನಕ್ಷತ್ರದ ಚಲನೆಗೆ ಹೊಂದಿಕೊಂಡು ಮೆಲ್ಲಗೆ ಹರಿದಾಡುತ್ತಿರುವುವು. ಎರಡು ದಾರಿಗಳ ಉದ್ದದಲ್ಲಿ ಒಂದು ಮೈಕ್ರಾನಿನಷ್ಟು, ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು ವ್ಯತ್ಯಾಸವುಳಿದರೂ ಕೆಲಸ ಕೆಡುವುದು. ೨೦೦೧ರಲ್ಲಿ ಇಲ್ಲಿ ಮೊದಲ ಪಟ್ಟೆಗಳು ಕಂಡುವು. ೨೦೧೯ರಲ್ಲಿ ಗ್ರಾವಿಟಿ ಎಂಬ ಉಪಕರಣದಿಂದ ನಾಲ್ಕು ಮಹಾದರ್ಪಣಗಳನ್ನು ಕೂಡಿಸಿ, ಅನ್ಯ ಸೂರ್ಯನೊಂದರ ಗ್ರಹವನ್ನು ಈ ರೀತಿಯಲ್ಲಿ ಮೊಟ್ಟಮೊದಲ ಬಾರಿಗೆ ನೇರವಾಗಿ ಕಂಡರು.

ಇಷ್ಟು ಶ್ರಮದಿಂದ ಕಾಣಬೇಕಾದುದೇನು? ಭೂಮಿಯು ಹೇಗೆ ಹುಟ್ಟಿತು ಎಂಬ ಪ್ರಶ್ನೆಯು ಮನುಷ್ಯನಷ್ಟೇ ಹಳೆಯದು. ೧೭೫೫ರಲ್ಲಿ ಕಾಂಟನೂ ೧೭೯೬ರಲ್ಲಿ ಲಾಪ್ಲಾಸನೂ, ಸೂರ್ಯನ ಸುತ್ತ ತಿರುಗುತ್ತಿದ್ದ ಅನಿಲರಾಶಿಯಿಂದ ಗ್ರಹಗಳು ರೂಪುಗೊಂಡುವೆಂದು ಊಹಿಸಿದರು. ಊಹೆಯ ಮೂಲವು ಸರಿಯಾದುದೇ ಎಂದು ಈಗ ತಿಳಿದಿದೆ. ಆದರೆ ೧೯೯೫ರಲ್ಲಿ ಮೇಯರ್ ಮತ್ತು ಕೆಲೋಜ್ ಎಂಬ ಸ್ವಿಸ್ ವಿಜ್ಞಾನಿಗಳು ಸೂರ್ಯನಂಥ ಒಂದು ನಕ್ಷತ್ರವನ್ನು, ಗುರುಗ್ರಹದಂಥ ಮಹಾಗ್ರಹವೊಂದು ಕೇವಲ ನಾಲ್ಕು ಚಿಲ್ಲರೆ ದಿನಗಳಲ್ಲಿ ಸುತ್ತಿಬರುವುದನ್ನು ಕಂಡುಹಿಡಿದಾಗ ಲೋಕವೇ ಬೆರಗಾಯಿತು. ನಮ್ಮ ಗುರುವಿಗೆ ಒಂದು ಸುತ್ತಿಗೆ ಹನ್ನೆರಡು ವರ್ಷ ಬೇಕು. ಅಂದಿನಿಂದ ಇಂದಿನವರೆಗೆ ಆರು ಸಾವಿರಕ್ಕೂ ಹೆಚ್ಚು ಪರಗ್ರಹಗಳು ಲೆಕ್ಕಕ್ಕೆ ಸಿಕ್ಕಿವೆ. ಅವುಗಳ ಸಂಸಾರಗಳಲ್ಲಿ ಬಹುಪಾಲು ನಮ್ಮ ಸೂರ್ಯನ ಸಂಸಾರವನ್ನು ಹೋಲುವುದಿಲ್ಲ. ದೊಡ್ಡ ಗ್ರಹಗಳು ಧೂಳಿನ ಕಣಕಣ ಸೇರಿ ನಿಧಾನವಾಗಿ ಬೆಳೆಯುವುವೋ, ಅನಿಲದ ತಟ್ಟೆಯೇ ಒಮ್ಮೆಗೇ ಮುದ್ದೆಯಾಗಿ ಕುಸಿದು ಆಗುವುವೋ? ಹುಟ್ಟಿದ ಎಡೆಯಲ್ಲಿಯೇ ನಿಲ್ಲುವುವೋ, ಒಳಕ್ಕೆ ಸರಿದುಬರುವುವೋ? ಭೂಮಿಗೆ ನೀರು ಬಂದುದೆಲ್ಲಿಂದ? ಇವೆಲ್ಲ ಬೆಳೆದ ಗ್ರಹಗಳನ್ನು ನೋಡಿ ತೀರ್ಮಾನಿಸತಕ್ಕವಲ್ಲ. ಹುಟ್ಟುತ್ತಿರುವುದನ್ನೇ ನೋಡಬೇಕು.

ನೋಡುವುದಕ್ಕೆ ಅಡ್ಡಿಯಾದುದು ಧೂಳು. ಹಸುಗೂಸುಗಳಾದ ಗ್ರಹಗಳು ದಟ್ಟವಾದ ಧೂಳಿನ ಹೊದಿಕೆಯೊಳಗಿರುವುವು. ಕಣ್ಣಿಗೆ ಕಾಣುವ ಬೆಳಕು ಅದನ್ನು ತೂರಿ ಬರಲಾರದು. ಇಲ್ಲಿಯೇ ಅವಕೆಂಪು ಕಿರಣಗಳು ನೆರವಿಗೆ ಬರುವುವು. ೧೮೦೦ರಲ್ಲಿ ವಿಲಿಯಂ ಹರ್ಷೆಲ್ಲನು ಬಿಸಿಲನ್ನು ಗಾಜಿನ ಪಟ್ಟಕದಿಂದ ಏಳು ಬಣ್ಣಗಳಾಗಿ ಒಡೆದು, ಕೆಂಪಿನಿಂದಾಚೆ ಏನೂ ಕಾಣದ ಕಡೆ ಉಷ್ಣಮಾಪಕವನ್ನಿಟ್ಟಾಗ ಅದು ಏರಿತು. ಕಾಣದ ಈ ಕಿರಣಗಳ ಪರಿಚಯವಾದುದು ಹಾಗೆ. ಬೂದಿ ಮುಚ್ಚಿದ ಕೆಂಡವು ಕಣ್ಣಿಗೆ ಕಾಣದಿದ್ದರೂ ಅದರ ಮೇಲೆ ಕೈಯೊಡ್ಡಿದ ಗೃಹಿಣಿಗೆ ಒಲೆಯಲ್ಲಿ ಬೆಂಕಿಯುಂಟೆಂದು ತಿಳಿಯುವುದಲ್ಲವೆ? ಅವಕೆಂಪು ದೂರದರ್ಶಕವು ಆಕಾಶಕ್ಕೆ ಒಡ್ಡಿದ ಅಂಥ ಕೈ. ಭೂಮಿಯಷ್ಟು ಬೆಚ್ಚಗಿರುವ ಧೂಳು ಹತ್ತು ಮೈಕ್ರಾನಿನ ಸುಮಾರಿನ ಅಲೆಗಳಲ್ಲಿ ಹೆಚ್ಚಾಗಿ ಹೊಳೆಯುವುದು. ತೊಡಕೆಂದರೆ, ನಮ್ಮ ದೇಹವೂ, ದೂರದರ್ಶಕದ ಕನ್ನಡಿಯೂ, ಮೇಲಿನ ಗಾಳಿಯೂ ಅದೇ ಅಲೆಗಳಲ್ಲಿ ಹೊಳೆಯುತ್ತಿರುವುವು. ಆದುದರಿಂದ ಉಪಕರಣಗಳನ್ನು ಅತಿಶೀತದಲ್ಲಿಡಬೇಕು. ಇಷ್ಟು ಸಾಲದೆಂಬಂತೆ ಗಾಳಿಯಲ್ಲಿರುವ ನೀರಾವಿಯು ಈ ಕಿರಣಗಳನ್ನು ನುಂಗಿಬಿಡುವುದು. ಆದುದರಿಂದಲೇ ನೀರಾವಿಯಿಲ್ಲದ ಎತ್ತರದ ನೆಲ ಬೇಕು, ಅಟಕಾಮಾ ಬೇಕು. ಬೇಸಾಯಗಾರನಿಗೆ ಶಾಪವಾದುದು ಜ್ಯೋತಿಷಿಗೆ ವರವಾಗಿರುವುದು ಹೀಗೆ.

ಪರನಾಲಿನಿಂದ ನಾವು ಈಶಾನ್ಯಕ್ಕೆ ತಿರುಗಿ ಸ್ಯಾನ್ ಪೆಡ್ರೊ ಎಂಬ ಹಳ್ಳಿಯನ್ನು ಸೇರಿದೆವು. ಮಣ್ಣಿನ ಗೋಡೆಗಳ ಮನೆಗಳೂ, ಕಾಲುವೆಯ ನೀರಿನಿಂದ ಬೆಳೆದ ಮರಗಳೂ ಉಳ್ಳ ಈ ಊರು ಮರುಭೂಮಿಯ ನಡುವೆ ಒಂದು ಹಸುರು ತೇಪೆಯಂತಿರುವುದು. ಲಿಕನ್ ಅಂತಾಯ್ ಎಂಬ ಜನರು ಇಲ್ಲಿ ತಲೆತಲಾಂತರದಿಂದ ನೆಲೆಸಿದ್ದಾರೆ. ಆಂಡೀಸ್ ನಾಡಿನ ಹಿರಿಯರ ಆಕಾಶವಿದ್ಯೆಯಲ್ಲಿ ಒಂದು ಸ್ವಾರಸ್ಯವುಂಟು. ನಾವು ನಕ್ಷತ್ರಗಳನ್ನು ಗೆರೆಯಿಂದ ಸೇರಿಸಿ ಮೇಷ, ವೃಷಭ ಎಂದು ಚಿತ್ರ ಕಲ್ಪಿಸಿದೆವು. ಅವರು ಅದರೊಡನೆ ಆಕಾಶಗಂಗೆಯ ನಡುವಣ ಕಪ್ಪು ಕಲೆಗಳಲ್ಲಿಯೂ ಲಾಮಾ ಮುಂತಾದ ಪ್ರಾಣಿಗಳನ್ನು ಕಂಡರು. ಆ ಕಪ್ಪು ಕಲೆಗಳು ಧೂಳಿನ ಮೋಡಗಳು. ನಕ್ಷತ್ರಗಳೂ ಗ್ರಹಗಳೂ ಹುಟ್ಟುವುದು ಅಂಥ ಮೋಡಗಳಲ್ಲಿಯೇ. ಅಲ್ಲಿ ಏನೂ ಇಲ್ಲವೆಂದು ಕಣ್ಣು ಸರಿಸದೆ ನಿಂತು ನೋಡಿದ ಆ ಹಿರಿಯರನ್ನು ನೆನೆದು ನಮಗೆ ಗೌರವವುಂಟಾಯಿತು.

ಸ್ಯಾನ್ ಪೆಡ್ರೊದ ಪೂರ್ವಕ್ಕೆ ಚಹನಂತೋರ್ ಎಂಬ ಪ್ರಸ್ಥಭೂಮಿಯುಂಟು. ಎತ್ತರ ೫,೦೦೦ ಮೀಟರ್. ಅಲ್ಲಿ ಆಲ್ಮಾ ಎಂಬ ಯಂತ್ರಸಮೂಹವಿದೆ. ಯೂರೋಪ್, ಉತ್ತರ ಅಮೆರಿಕಾ, ಪೂರ್ವ ಏಷ್ಯಾಗಳ ದೇಶಗಳು ಚಿಲಿಯೊಡನೆ ಕೂಡಿ ನಿರ್ಮಿಸಿದ ಇದು ೨೦೧೩ರ ಮಾರ್ಚಿನಲ್ಲಿ ಉದ್ಘಾಟಿತವಾಯಿತು. ಮೇಲೆ ಗಾಳಿ ತೆಳುವಾದುದರಿಂದ ಸಾಮಾನ್ಯ ಯಾತ್ರಿಕರನ್ನು ಬಿಡುವುದಿಲ್ಲ. ಕೆಲಸಗಾರರೂ ಆಮ್ಲಜನಕದ ನಳಿಗೆಯನ್ನು ಜೊತೆಗಿಟ್ಟುಕೊಳ್ಳುವರು. ೨,೯೦೦ ಮೀಟರ್ ಎತ್ತರದ ಕೆಳಠಾಣ್ಯವನ್ನು ಮಾತ್ರ ನಾವು ನೋಡಿದೆವು. ದುರಸ್ತಿಗೆ ತಂದಿದ್ದ ಬಿಳಿಯ ದೊಡ್ಡ ಬೋಗುಣಿಯೊಂದು ಅಂಗಳದಲ್ಲಿತ್ತು. ಇಂಥವು ೬೬ ಉಂಟು. ಅವನ್ನು ಹೊತ್ತು ಬೆಟ್ಟ ಹತ್ತಿಸುವುದಕ್ಕೆ ಇಪ್ಪತ್ತೆಂಟು ಚಕ್ರಗಳ ಎರಡು ಬಂಡಿಗಳುಂಟು. ಆಲ್ಮಾ ಹಿಡಿಯುವುದು ಅವಕೆಂಪಿಗಿಂತಲೂ ಉದ್ದವಾದ, ಮಿಲಿಮೀಟರಿನ ಸುಮಾರಿನ ಅಲೆಗಳನ್ನು.

೨೦೧೪ರ ನವೆಂಬರಿನಲ್ಲಿ ಆಲ್ಮಾದವರು ಪ್ರಕಟಿಸಿದ ಒಂದು ಚಿತ್ರವು ಗ್ರಹಗಳ ಜನನವನ್ನು ಕುರಿತ ವಿದ್ಯೆಯನ್ನೇ ಬದಲಾಯಿಸಿತು. ವೃಷಭರಾಶಿಯಲ್ಲಿ, ಸುಮಾರು ೪೫೦ ಜ್ಯೋತಿರ್ವರ್ಷಗಳ ದೂರದಲ್ಲಿರುವ ಎಚ್.ಎಲ್. ಟೌರಿ ಎಂಬ ಎಳೆಯ ನಕ್ಷತ್ರದ ಚಿತ್ರವದು. ನಕ್ಷತ್ರದ ಸುತ್ತ ಧೂಳಿನ ತಟ್ಟೆ. ತಟ್ಟೆಯಲ್ಲಿ ಒಂದರಾಚೆ ಒಂದು ಬೆಳಕಿನ ಬಳೆಗಳು, ಬಳೆಗಳ ನಡುವೆ ಕಪ್ಪು ಸಂದುಗಳು. ಆ ಸಂದುಗಳನ್ನು ಹುಟ್ಟುತ್ತಿರುವ ಗ್ರಹಗಳು ಗುಡಿಸಿ ಮಾಡಿರಬಹುದು. ಆ ನಕ್ಷತ್ರದ ವಯಸ್ಸು ಹತ್ತು ಲಕ್ಷ ವರ್ಷಗಳಿಗೆ ಮೀರದು. ನಮ್ಮ ಭೂಮಿಯದು ೪೫೦ ಕೋಟಿ. ಭೂಮಿಯನ್ನು ನೂರು ವರ್ಷದ ಅಜ್ಜಿಯೆಂದೆಣಿಸಿದರೆ, ಇದು ಎಂಟು ದಿನದ, ಇನ್ನೂ ನಾಮಕರಣವಾಗದ ಕೂಸು. ಇಷ್ಟು ಬೇಗ ಗ್ರಹಗಳು ಕಟ್ಟಿಕೊಳ್ಳತೊಡಗುವುದನ್ನು ಹೆಚ್ಚಿನವರು ನಿರೀಕ್ಷಿಸಿರಲಿಲ್ಲ. ಇದಾದ ಮೇಲೆ ೨೦೧೮ರಲ್ಲಿ ಪರನಾಲಿನ ದೂರದರ್ಶಕವು ಪಿ.ಡಿ.ಎಸ್. ೭೦ ಎಂಬ ನಕ್ಷತ್ರದ ತಟ್ಟೆಯ ಬರಿದಾದ ನಡುಭಾಗದಲ್ಲಿ ಎಳೆಯ ಗ್ರಹವೊಂದನ್ನೇ ತೋರಿಸಿತು. ಮರುವರ್ಷ ಎರಡನೆಯದೂ ಸಿಕ್ಕಿತು.

ಆದರೂ ಈ ಚಿತ್ರಗಳು ತೊಟ್ಟಿಲನ್ನು ತೋರುವುವೇ ಹೊರತು ಕೂಸಿನ ಮುಖವನ್ನಲ್ಲ. ಭೂಮಿಯಂಥ ಗ್ರಹಗಳು ಹುಟ್ಟುವ ಒಳಗಿನ ಬೆಚ್ಚನೆಯ ಭಾಗವೂ, ಮಹಾಗ್ರಹವು ತನ್ನ ಸುತ್ತಣ ಅನಿಲವನ್ನು ಸೆಳೆದುಕೊಳ್ಳುವ ಎಡೆಯೂ ಇನ್ನೂ ಮಸಕಾಗಿಯೇ ಉಳಿದಿವೆ. ೨೦೨೧ರ ಡಿಸೆಂಬರಿನಲ್ಲಿ ಅಂತರಿಕ್ಷಕ್ಕೆ ಹೋದ ವೆಬ್ ದೂರದರ್ಶಕವಿದೆಯಲ್ಲವೆ ಎಂದು ವಾಚಕರು ಕೇಳಬಹುದು. ಅದರ ಗ್ರಹಣಶಕ್ತಿ ಅಪಾರ. ಆದರೆ ಅದರ ಕನ್ನಡಿ ೬.೫ ಮೀಟರ್ ಮಾತ್ರ. ಹತ್ತು ಮೈಕ್ರಾನಿನ ಅಲೆಗಳಲ್ಲಿ, ಎಚ್.ಎಲ್. ಟೌರಿಯ ದೂರದಲ್ಲಿ, ಭೂಮಿಗೂ ಸೂರ್ಯನಿಗೂ ಇರುವ ಅಂತರದ ನಲವತ್ತು ಪಟ್ಟಿಗಿಂತ ಚಿಕ್ಕದನ್ನು ಅದು ಬಿಡಿಸಿ ತೋರಿಸಲಾರದು. ಪರನಾಲಿನ ಬಳಿ ಆರ್ಮಜೋನೆಸ್ ಬೆಟ್ಟದ ಮೇಲೆ ಕಟ್ಟಲಾಗುತ್ತಿರುವ ೩೯ ಮೀಟರ್ ಕನ್ನಡಿಯ ದೂರದರ್ಶಕವೂ ಅಂತರದ ಏಳು ಪಟ್ಟಿನವರೆಗೆ ಇಳಿಯಬಲ್ಲದು. ಬೇಕಾದುದು ಒಂದು ಪಟ್ಟಿನ ಕಾಲುಭಾಗ. ಲೆಕ್ಕ ಹಾಕಿದರೆ ಅದಕ್ಕೆ ಒಂದು ಕಿಲೋಮೀಟರಿಗಿಂತ ಅಗಲವಾದ ಕನ್ನಡಿಯೇ ಬೇಕು; ಎಂದರೆ, ಅಷ್ಟಗಲಕ್ಕೆ ಹರಡಿದ ದೂರದರ್ಶಕಗಳ ಸಮೂಹ.

೨೦೧೩-೧೪ರ ಸುಮಾರಿನಿಂದ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಜಾನ್ ಮೋನಿಯೆ, ಇಂಗ್ಲೆಂಡಿನ ಎಕ್ಸಿಟರಿನ ಸ್ಟೆಫಾನ್ ಕ್ರಾಸ್ ಮೊದಲಾದ ಅನೇಕ ದೇಶಗಳ ವಿದ್ವಾಂಸರು ಕೂಡಿ ಇಂಥದೊಂದರ ಯೋಜನೆಯನ್ನು ಬರೆಯುತ್ತಿದ್ದಾರೆ. ಪ್ಲಾನೆಟ್ ಫಾರ್ಮೇಶನ್ ಇಮೇಜರ್ ಎಂದು ಅದರ ಹೆಸರು; ಗ್ರಹೋತ್ಪತ್ತಿಯ ಚಿತ್ರಕಾರ ಎನ್ನಬಹುದು. ಅವರು ಪ್ರಕಟಿಸಿರುವ ನಕ್ಷೆಯಂತೆ ತಲಾ ಮೂರು ಮೀಟರಿನ ಹನ್ನೆರಡು ದೂರದರ್ಶಕಗಳನ್ನು ೧.೨ ಕಿಲೋಮೀಟರ್ ಅಗಲಕ್ಕೆ ಹರಡಬೇಕು. ಹಣ ಹೆಚ್ಚು ದೊರೆತರೆ ಎಂಟು ಮೀಟರಿನ ಕನ್ನಡಿಗಳನ್ನೇ ಇಡಬಹುದು. ಅದರ ದೃಷ್ಟಿಯ ಸೂಕ್ಷ್ಮತೆ ಎಷ್ಟೆಂದರೆ, ಕನ್ಯಾಕುಮಾರಿಯಲ್ಲಿಟ್ಟ ಒಂದಂಗುಲದ ನಾಣ್ಯವನ್ನು ಶ್ರೀನಗರದಿಂದ ಗುರುತಿಸಿದಂತೆ.

ಹನ್ನೆರಡೇ ಏಕೆಂದು ನಾವೂ ಯೋಚಿಸಿದೆವು. ನಮ್ಮ ಹೆಂಗಸರಿಗೆ ಇದನ್ನು ವಿವರಿಸುವುದು ಸುಲಭ. ನಾಲ್ಕು ಚುಕ್ಕೆಯಿಟ್ಟು ಎಳೆದ ರಂಗೋಲಿಯಲ್ಲಿ ಚುಕ್ಕೆಯಿಂದ ಚುಕ್ಕೆಗೆ ಆರು ಗೆರೆಗಳು ಮಾತ್ರ ಸಾಧ್ಯ. ಹನ್ನೆರಡು ಚುಕ್ಕೆಗಳಿದ್ದರೆ ಅರವತ್ತಾರು. ದೂರದರ್ಶಕಗಳ ಒಂದೊಂದು ಜೋಡಿಯೂ ಚಿತ್ರದ ಒಂದೊಂದು ಗೆರೆಯನ್ನು ಕೊಡುವುದು. ಗೆರೆಗಳು ಹೆಚ್ಚಿದಷ್ಟೂ ಚಿತ್ರವು ತುಂಬಿಕೊಳ್ಳುವುದು. ಮೌಂಟ್ ವಿಲ್ಸನ್ನಿನಲ್ಲಿ ಈಗಲೂ ತಲಾ ಒಂದು ಮೀಟರಿನ ಆರು ದೂರದರ್ಶಕಗಳು, ೩೩೧ ಮೀಟರಿನವರೆಗಿನ ಅಂತರದಲ್ಲಿ, ಇಂಥ ರಂಗೋಲಿಯನ್ನೇ ಹಾಕುತ್ತಿವೆ. ಅಲ್ಲಿ ಕಲಿತ ಪಾಠಗಳೇ ಹೊಸ ಯೋಜನೆಗೆ ಅಡಿಪಾಯ.

ಅಡ್ಡಿಗಳು ಕಡಿಮೆಯಲ್ಲ. ಗಾಳಿಯು ಕ್ಷಣದ ನೂರರಲ್ಲೊಂದು ಭಾಗದೊಳಗೆ ಬೆಳಕಿನ ದಾರಿಯನ್ನು ಅಲುಗಿಸಿಬಿಡುವುದು. ಅಷ್ಟರೊಳಗೆ ಅದನ್ನು ಅಳೆದು ಸರಿಪಡಿಸಬೇಕು. ಕಿಲೋಮೀಟರುಗಟ್ಟಲೆ ಉದ್ದದ ಕಾಯಿಸುವ ದಾರಿಗಳನ್ನು ಕಟ್ಟಬೇಕು. ಒಳ್ಳೆಯ ಕನ್ನಡಿಗಳನ್ನು ಅಗ್ಗವಾಗಿ ಮಾಡುವುದನ್ನು ಕಲಿಯಬೇಕು. ಸ್ಥಳವನ್ನು ಆರಿಸಬೇಕು, ಚಹನಂತೋರಿನ ಎತ್ತರದ ಬಯಲು, ದಕ್ಷಿಣಧ್ರುವದ ಹಿಮದ ಪ್ರಸ್ಥಭೂಮಿ ಮುಂತಾದುವು ಚರ್ಚೆಗೆ ಬಂದಿವೆ. ಎಲ್ಲಕ್ಕೂ ಮಿಗಿಲಾಗಿ, ಇದು ಇನ್ನೂ ಕಾಗದದ ಮೇಲಿನ ಯೋಜನೆಯೇ. ನಕ್ಷೆ ಬರೆಯುತ್ತಿರುವವರಲ್ಲಿ ಹಲವರು ಅದರ ಮೊದಲ ಚಿತ್ರ ಬರುವಷ್ಟರಲ್ಲಿ ಮುದುಕರಾಗಿರುವರು. ಕೆಲವರು ನೋಡದೆಯೇ ಹೋಗಬಹುದು.

ಇನ್ನೊಂದು ಅಪಾಯವನ್ನೂ ಹೇಳಬೇಕು. ೨೦೨೪ರ ಡಿಸೆಂಬರಿನಲ್ಲಿ ಒಂದು ವಿದ್ಯುತ್ ಕಂಪನಿಯು ಪರನಾಲಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಜಲಜನಕ ಮತ್ತು ಅಮೋನಿಯಾ ತಯಾರಿಸುವ ಭಾರಿ ಕಾರಖಾನೆಯನ್ನು ಕಟ್ಟಲು ಚಿಲಿ ಸರ್ಕಾರಕ್ಕೆ ಅರ್ಜಿ ಸಲ್ಲಿಸಿತು. ೨೦೨೫ರ ಜನವರಿಯಲ್ಲಿ ವೇಧಶಾಲೆಯವರು ಇದನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಕಾರಖಾನೆಯ ದೀಪಗಳು ಆಕಾಶವನ್ನು ಬೆಳಗುವುವು, ಧೂಳು ಕನ್ನಡಿಗಳ ಮೇಲೆ ಕೂರುವುದು, ಯಂತ್ರಗಳ ನಡುಕವು ನೆಲದಲ್ಲಿ ಹರಡಿ ಮೈಕ್ರಾನಿನ ಲೆಕ್ಕವನ್ನು ಕೆಡಿಸುವುದು ಎಂಬುದು ಅವರ ವಾದ. ಹೊಗೆಯಿಲ್ಲದ ಇಂಧನವೂ ಲೋಕಕ್ಕೆ ಬೇಕಾದುದೇ. ಆ ನಾಡಿನ ಜನಕ್ಕೆ ಕೆಲಸವೂ ಬೇಕು. ಆದರೆ ಕಾರಖಾನೆಗೆ ಬೇರೊಂದೆಡೆ ಸಿಗಬಹುದು. ಇಂಥ ಕತ್ತಲೆಯೂ ಇಂಥ ನಿಶ್ಚಲವಾದ ನೆಲವೂ ಇನ್ನೊಂದೆಡೆ ಸಿಗುವುದು ದುರ್ಲಭ. ಒಂದು ಅರ್ಜಿಯ ಮಾತು ಇದಲ್ಲ. ಇಂಥವು ಮತ್ತೆ ಮತ್ತೆ ಬರುತ್ತವೆ. ಹತ್ತಿಪ್ಪತ್ತು ವರ್ಷಗಳಾಚೆಗೆ ಕಟ್ಟಬೇಕಾದ ಯಂತ್ರಕ್ಕಾಗಿ ಕತ್ತಲೆಯನ್ನು ಇಂದೇ ಕಾಯ್ದಿರಿಸಬೇಕಾಗಿದೆ.

ಈ ವಿಷಯದಲ್ಲಿ ನಮ್ಮ ದೇಶದ ಒಂದು ಉದಾಹರಣೆ ಸಂತೋಷವನ್ನುಂಟುಮಾಡುವುದು. ಲಡಾಖಿನ ಹಾನ್ಲೆಯಲ್ಲಿ, ಸುಮಾರು ೪,೫೦೦ ಮೀಟರ್ ಎತ್ತರದ ಶೀತ ಮರುಭೂಮಿಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರ ಎರಡು ಮೀಟರಿನ ಹಿಮಾಲಯ ಚಂದ್ರ ದೂರದರ್ಶಕವುಂಟು. ಅದನ್ನು ಉಪಗ್ರಹದ ಮೂಲಕ ನಮ್ಮ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ. ೨೦೨೨ರಲ್ಲಿ ಹಾನ್ಲೆಯ ಸ್ಥಳವನ್ನು ಕತ್ತಲೆಯ ಆಕಾಶದ ರಕ್ಷಿತಪ್ರದೇಶವೆಂದು ಘೋಷಿಸಿದರು. ಅಲ್ಲಿನ ಹಳ್ಳಿಗರೇ ತರಬೇತಿ ಪಡೆದು, ಬಂದವರಿಗೆ ಚಿಕ್ಕ ದೂರದರ್ಶಕಗಳಿಂದ ಆಕಾಶವನ್ನು ತೋರಿಸಿ ಸಂಪಾದಿಸುತ್ತಾರೆ. ಕತ್ತಲೆಯನ್ನು ಕಾಯುವವನಿಗೂ ಅದರಿಂದ ಅನ್ನ ದೊರೆಯುವಂತಾದರೆ ಕಾವಲು ಭದ್ರವಾಗುವುದೆಂಬುದಕ್ಕೆ ಇದು ನಿದರ್ಶನ.

ನಮ್ಮ ನಾಡಿನಲ್ಲಿ ಕೆರೆ ಕಟ್ಟಿಸಿದವರು ತಮ್ಮ ಹೊಲಕ್ಕೆ ನೀರು ಹಾಯಿಸಿಕೊಳ್ಳುವುದಕ್ಕಾಗಿ ಮಾತ್ರ ಕಟ್ಟಿಸಲಿಲ್ಲ. ಏರಿಯ ಮೇಲೆ ಸಾಲುಮರ ನೆಟ್ಟವರಾರೂ ನೆರಳಿಗಾಗಿ ಕಾದು ಕುಳಿತವರಲ್ಲ. ಅಟಕಾಮಾದ ಬಯಲಿಗಾಗಿ ನಕ್ಷೆ ಬರೆಯುತ್ತಿರುವವರನ್ನೂ ನಾವು ಅದೇ ಸಾಲಿಗೆ ಸೇರಿಸಿ ಎಣಿಸುವೆವು.

ನಮ್ಮ ವಾಚಕರಿಗೆ ಚಿಲಿಗೆ ಹೋಗುವ ಅವಕಾಶ ಎಲ್ಲರಿಗೂ ಒದಗಲಾರದು. ಅದಕ್ಕಾಗಿ ಮರುಗಬೇಕಾಗಿಲ್ಲ. ಮಾರ್ಗಶಿರ, ಪುಷ್ಯಮಾಸಗಳ ರಾತ್ರಿ, ಊಟವಾದ ಮೇಲೆ ಮಕ್ಕಳನ್ನು ಮಾಳಿಗೆಗೋ ಅಂಗಳಕ್ಕೋ ಕರೆದು, ಮನೆಯ ಹೊರದೀಪವನ್ನು ಆರಿಸಿ, ಕೃತ್ತಿಕೆಯ ಗೊಂಚಲನ್ನೂ ಅದರ ಪಕ್ಕದ ಕೆಂಬಣ್ಣದ ರೋಹಿಣಿಯನ್ನೂ ತೋರಿಸಿರಿ. ರೋಹಿಣಿಯಿಂದ ನಾಲ್ಕು ಚಂದ್ರಬಿಂಬಗಳಷ್ಟು ಉತ್ತರಕ್ಕೆ, ಬರಿಗಣ್ಣಿಗೆ ಏನೂ ಕಾಣದ ಒಂದೆಡೆಯಲ್ಲಿ, ಬಳೆಗಳ ತಟ್ಟೆಯುಳ್ಳ ಆ ಎಳೆಯ ನಕ್ಷತ್ರವಿದೆ. ಅಲ್ಲಿ ಈಗ ಭೂಮಿಗಳು ಹುಟ್ಟುತ್ತಿರಬಹುದೆಂದೂ, ಅವನ್ನು ಕಾಣಲು ಒಂದು ಯಂತ್ರವನ್ನು ಕಟ್ಟಬೇಕೆಂದು ಹಲವರು ದುಡಿಯುತ್ತಿರುವರೆಂದೂ ಮಕ್ಕಳಿಗೆ ಹೇಳಿರಿ. ಆ ಯಂತ್ರವು ಕಣ್ಣು ತೆರೆಯುವ ದಿನಕ್ಕೆ ಅವರು ತಕ್ಕ ವಯಸ್ಸಿನವರಾಗಿರುವರು.